ಸಾಕುವುದು, ಸಾಕೆನ್ನುವುದು

2024ರ ಅಕ್ಟೋಬರಿನಲ್ಲಿ ದೇಶದಲ್ಲೆಲ್ಲ 21ನೆಯ ಜಾನುವಾರು ಗಣತಿ ಶುರುವಾಯಿತಲ್ಲ, ಅದರ ಹುಡುಗ ನಮ್ಮ ಮನೆಯ ತನಕ ಹತ್ತಿ ಬರುವಷ್ಟರಲ್ಲಿ ಸಂಕ್ರಾಂತಿಯೂ ಕಳೆದಿತ್ತು. ಅವನ ತಪ್ಪಲ್ಲ. ಹೊರನಾಡಿನಿಂದ ನಮ್ಮಲ್ಲಿಗೆ ಮೂರು ಮೈಲಿ, ಅದರಲ್ಲಿ ಕೊನೆಯ ಒಂದು ಮೈಲಿ ಜೀಪಿಗೂ ಬೇಸರ ಬರಿಸುವ ಏರು. ಮಜ್ಜಿಗೆ ಕುಡಿದು, ಬೆವರು ಒರೆಸಿಕೊಂಡು, ಮೊಬೈಲಿನಲ್ಲಿ ಒತ್ತುತ್ತಾ ಒಂದೊಂದೇ ಕೇಳಿದ. ದನ ಎಷ್ಟು? ಕರು ಎಷ್ಟು? ಎಮ್ಮೆ ಇಲ್ಲವೋ? ನಾಯಿ? ಎಲ್ಲಕ್ಕೂ ಇವರೇ ಉತ್ತರ ಹೇಳಿದರು. ಕೊನೆಗೆ ಹುಡುಗ ನನ್ನ ಕಡೆ ತಿರುಗಿ, "ಬೇರೆ ಏನಾದರೂ ಸಾಕಿದ್ದೀರಾ ಅಮ್ಮಾ?" ಎಂದ.

ನನ್ನ ಕಣ್ಣು ತನ್ನಷ್ಟಕ್ಕೆ ತಾನೇ ಜಗಲಿಯ ಮೂಲೆಗೆ ಹೋಯಿತು. ಅಲ್ಲಿ, ಹಳೆಯ ಪತ್ರಿಕೆಗಳ ರಾಶಿಯ ಪಕ್ಕದಲ್ಲಿ, ಮುಚ್ಚಳಕ್ಕೆ ತೂತು ಕೊರೆದ ಒಂದು ಪ್ಲಾಸ್ಟಿಕ್ ಡಬ್ಬಿ ಇತ್ತು. ಅದರೊಳಗೆ ಕಡಿಮೆಯೆಂದರೂ ನೂರೈವತ್ತು ಜೀವ. "ಇಲ್ಲಪ್ಪ" ಎಂದುಬಿಟ್ಟೆ. ಇವರು ಮೀಸೆಯ ಕೆಳಗೇ ನಕ್ಕರು. ಹುಡುಗ ಇಳಿದು ಹೋದ. ನನಗೆ ಮಾತ್ರ ಆ ಪ್ರಶ್ನೆ ಇಳಿಯಲಿಲ್ಲ. ನಾನು ಅವುಗಳನ್ನು ಸಾಕಿದ್ದೆನೇ? ಹಾಗಾದರೆ ಸುಳ್ಳು ಹೇಳಿದೆ. ಸಾಕಿರಲಿಲ್ಲವೇ? ಹಾಗಾದರೆ ಎಂಟು ಒಂಬತ್ತು ತಿಂಗಳು ನಾನು ಮಾಡಿದ್ದೇನು?

ಡಬ್ಬಿಯಲ್ಲಿರುವುದು ಏನೆಂದು ಮೊದಲು ಹೇಳಬೇಕು. ಹೂಕುಂಡವನ್ನೋ ಒದ್ದೆ ಇಟ್ಟಿಗೆಯನ್ನೋ ಎತ್ತಿದರೆ ಅಡಿಯಲ್ಲಿ ಬೂದುಬಣ್ಣದ, ಮೈಮೇಲೆ ಪಟ್ಟಿಪಟ್ಟಿಯ ಕವಚ ಹೊತ್ತ ಪುಟ್ಟ ಜೀವಿಗಳು ಬೆಳಕಿಗೆ ಬೆಚ್ಚಿ ಚದುರುತ್ತವಲ್ಲ, ಅವು. ಪೇಟೆಯ ಮನೆಯಾದರೂ ಬಚ್ಚಲ ಹಿಂದೆ, ತುಳಸಿಕಟ್ಟೆಯ ಬುಡದಲ್ಲಿ ನೀವು ನೋಡಿಯೇ ಇರುತ್ತೀರಿ. ಕೆಲವು ಜಾತಿಯವು ಮುಟ್ಟಿದರೆ ಓಡುತ್ತವೆ. ಕೆಲವು ಮುಟ್ಟಿದೊಡನೆ ಕಾಲು, ಮೀಸೆ ಎಲ್ಲವನ್ನೂ ಒಳಗೆಳೆದುಕೊಂಡು ಕಾಳುಮೆಣಸಿನ ಹಾಗೆ ಉಂಡೆಯಾಗುತ್ತವೆ. ನಮ್ಮ ಮನೆಯಲ್ಲಿ ಇವಕ್ಕೆ ಉಂಡೆಹುಳ ಎಂದೇ ಹೆಸರು. ಇಂಗ್ಲಿಷಿನಲ್ಲಿ ಐಸೊಪಾಡ್ ಅನ್ನುತ್ತಾರಂತೆ. ನಮ್ಮ ಘಟ್ಟದ ಕಾಡಿನಲ್ಲಿ ಇನ್ನೊಂದು ಇದೆ, ಸುರುಳಿಕೊಂಡರೆ ಚಿಕ್ಕ ಗೋಟಡಿಕೆಯಷ್ಟು ದಪ್ಪ. ಚಿಕ್ಕಂದಿನಲ್ಲಿ ನಾವು ಅದನ್ನೂ ಇದನ್ನೂ ಅಕ್ಕತಂಗಿ ಎಂದುಕೊಂಡಿದ್ದೆವು. ಹಾಗಲ್ಲ. ಅದು ಚೋರಟೆಯ ಕುಲದ್ದು. ತೋಟದ ತರಗೆಲೆಯನ್ನು ಅದರ ಕೈಲಿ ಗೊಬ್ಬರ ಮಾಡಿಸಬಹುದೇ ಎಂದು ಮಂಗಳೂರು ವಿಶ್ವವಿದ್ಯಾನಿಲಯದವರು ಪ್ರಯೋಗಗಳನ್ನೇ ನಡೆಸಿದ್ದಾರೆ. ಐಸೊಪಾಡಿನ ನೆಂಟಸ್ತಿಕೆ ಬೇರೆ ಕಡೆ, ಏಡಿ ಸೀಗಡಿಗಳ ಜೊತೆ. ಕಡಲು ಬಿಟ್ಟು ನೆಲ ಸೇರಿ ಕೋಟಿಗಟ್ಟಲೆ ವರ್ಷವಾದರೂ ತವರಿನ ನೀರಿನ ಹಂಗು ಬಿಟ್ಟಿಲ್ಲ. ಉಸಿರಾಡುವುದು ಹೊಟ್ಟೆಯ ಅಡಿಯಲ್ಲಿರುವ ಕಿವಿರಿನಂಥ ಅಂಗದಿಂದ. ತೇವ ಆರಿದರೆ ಉಸಿರಿಲ್ಲ. ಹಾಗೆಂದು ನೀರು ನಿಲ್ಲಿಸಿದರೆ ಮುಳುಗಿಯೇ ಸಾಯುತ್ತದೆ.

ಇದು ನಮ್ಮ ಮನೆಗೆ ಬಂದದ್ದು ಮೊಮ್ಮಗನ ಜೊತೆಗೆ. 2024ರ ಬೇಸಿಗೆ ರಜೆಗೆ ಬೆಂಗಳೂರಿನಿಂದ ಬಂದವನ ಚೀಲದಲ್ಲಿ ಬಟ್ಟೆಗಿಂತ ಮೊದಲು ಹೊರಗೆ ಬಂದದ್ದು ಈ ಡಬ್ಬಿ. ಹದಿಮೂರು ವರ್ಷದ ಹುಡುಗ. ಒಳಗೆ ಒಂದು ಡಜನ್ ಹುಳ, ಕಿತ್ತಳೆ ಬಣ್ಣದವು, ಉಂಡೆಯಾಗದೆ ಓಡುವ ಜಾತಿ. ಬೂದುಬಣ್ಣದವುಗಳ ನಡುವೆ ಅಪರೂಪಕ್ಕೆ ಹುಟ್ಟುವ ಕಿತ್ತಳೆ ಮರಿಗಳನ್ನೇ ಆರಿಸಿ, ಅವಕ್ಕೆ ಅವನ್ನೇ ಜೊತೆಮಾಡಿ ಬೆಳೆಸಿದ ಬಣ್ಣವಂತೆ. ಬೆಂಗಳೂರಿನಲ್ಲಿ ಯಾರೋ ಮನೆಯಲ್ಲೇ ಮರಿಮಾಡಿಸಿ ಮಾರುತ್ತಾರೆ. ಅವನಪ್ಪ ಕೊಟ್ಟ ದುಡ್ಡು ಕೇಳಿ ನಾನು ಕೈಯಲ್ಲಿದ್ದ ಸೌಟು ಕೆಳಗಿಟ್ಟೆ. ನಮ್ಮ ತೋಟದಲ್ಲಿ ಹೆಣ್ಣಾಳೊಬ್ಬಳು ದಿನವೆಲ್ಲ ಬಗ್ಗಿ ದುಡಿದರೆ ಸಿಗುವುದಕ್ಕಿಂತ ಹೆಚ್ಚು! ಇದೇನೂ ಅಲ್ಲ ಅಜ್ಜಿ ಎಂದ ಅವನು. ಥಾಯ್ಲೆಂಡಿನ ಸುಣ್ಣಕಲ್ಲಿನ ಗುಹೆಗಳ ಕಡೆಯಿಂದ ಬಂದ, ಬಾತುಕೋಳಿ ಮರಿಯಂಥ ಹಳದಿ ಮುಖದ ಒಂದು ಜಾತಿ ಇದೆ. ರಬ್ಬರ್ ಡಕಿ ಎಂದು ಅದರ ಅಡ್ಡಹೆಸರು. 2017ರ ಸುಮಾರಿಗೆ ಅದು ಬೆಳಕಿಗೆ ಬಂದದ್ದೇ ತಡ, ಯುರೋಪು ಅಮೆರಿಕಗಳಲ್ಲಿ ಒಂದೊಂದು ಹುಳಕ್ಕೂ ಜನ ಮುಗಿಬಿದ್ದರಂತೆ. ವಿಜ್ಞಾನಿಗಳು ಕೂತು ಹೆಸರಿಡುವ ಮೊದಲೇ ಪೇಟೆಗೆ ಬಂದ ಜಾತಿಗಳು ಎಷ್ಟೋ ಇವೆ. ನಾಮಕರಣಕ್ಕೆ ಮೊದಲೇ ವ್ಯಾಪಾರ!

ಜೂನ್ ಬಂತು, ಶಾಲೆ ಶುರುವಾಯಿತು. ಆ ವರ್ಷದಿಂದ ಅವನಿಗೆ ಹಾಸ್ಟೆಲು. ಅಲ್ಲಿ ಇಂಥದ್ದಕ್ಕೆ ಜಾಗವಿಲ್ಲ. "ಅಜ್ಜಿ, ನೀನು ನೋಡ್ಕೋತೀಯಲ್ಲ?" ಎಂದು ಡಬ್ಬಿಯನ್ನು ನನ್ನ ಕೈಗಿಟ್ಟು ಜೀಪು ಹತ್ತಿದ. ಅಡಿಗೆ ಮೂರು ಬೆರಳು ಮಣ್ಣು, ಮೇಲೆ ಒಣಗಿದ ಎಲೆ. ಒಂದು ಬದಿ ಪಾಚಿ ಹಾಸಿ ನೀರು ಚಿಮುಕಿಸಿ ತೇವ ಇಡಬೇಕು, ಇನ್ನೊಂದು ಬದಿ ಒಣಗಿರಬೇಕು. ತನಗೆ ಬೇಕಾದ ಕಡೆ ಅದೇ ಹೋಗುತ್ತದೆ. ಮೈಕವಚಕ್ಕೆ ಸುಣ್ಣದ ಅಂಶ ಬೇಕು. ಬೇರೆಯವರು ಮೊಟ್ಟೆಯ ಓಡು ಹಾಕುತ್ತಾರಂತೆ. ನಾನು ಅಂಗಳದಲ್ಲಿ ಬಿದ್ದಿದ್ದ ಬಸವನಹುಳದ ಖಾಲಿ ಚಿಪ್ಪು ಪುಡಿಮಾಡಿ ಹಾಕಿದೆ. ಎಲೆಗೆ ಮಾತ್ರ ಇವರು ಎಚ್ಚರ ಹೇಳಿದರು: "ಅಡಿಕೆ ಮರದ ಬುಡದಿಂದ ತರಬೇಡ, ಮದ್ದು ಹೊಡೆದದ್ದು ಬಿದ್ದಿರ್ತದೆ." ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಬೆರೆಸಿ ಹೊಡೆಯುವುದನ್ನು ಡಾ. ಲೆಸ್ಲಿ ಕೋಲ್ಮನ್ ಮೈಸೂರು ಸೀಮೆಯ ತೋಟದವರಿಗೆ ಕಲಿಸಿ ನೂರು ವರ್ಷ ದಾಟಿತು. ಆಗಿನಿಂದ ನಾವು ಎರಚಿದ ತಾಮ್ರವೆಲ್ಲ ಎಲ್ಲಿ ಹೋಯಿತೆಂದು ನಾನು ಯೋಚಿಸಿದವಳೇ ಅಲ್ಲ. ಈ ಜೀವಿಯ ರಕ್ತದಲ್ಲಿ ನಮ್ಮ ಹಾಗೆ ಕಬ್ಬಿಣವಲ್ಲ, ತಾಮ್ರ. ಎಲೆಯ ಜೊತೆ ಬಂದ ಹೆಚ್ಚಿನ ತಾಮ್ರವನ್ನು ಅದು ಹೊಟ್ಟೆಯೊಳಗಿನ ಗ್ರಂಥಿಯೊಂದರಲ್ಲಿ ಕೂಡಿಟ್ಟುಕೊಳ್ಳುತ್ತದೆ. ಯುರೋಪಿನಲ್ಲಿ ಲೋಹ ಕರಗಿಸುವ ಕಾರ್ಖಾನೆಗಳ ಸುತ್ತ ಮಣ್ಣು ಎಷ್ಟು ಕೆಟ್ಟಿದೆ ಎಂಬುದನ್ನು ಇದರ ಮೈಯನ್ನು ಪರೀಕ್ಷಿಸಿ ಅಳೆದಿದ್ದಾರೆ. ನಾವು ಚೆಲ್ಲಿದ್ದನ್ನು ಮಾತಾಡದೆ ಹೊಟ್ಟೆಗೆ ಹಾಕಿಕೊಳ್ಳುವವರು ಮನೆಯಲ್ಲೂ ಇರುತ್ತಾರೆ ಎಂದು ಹೇಳಿದರೆ ನಿಮಗೆ ಬೇರೆ ವಿವರಣೆ ಬೇಡ.

ಜುಲೈಯಲ್ಲಿ ಭದ್ರೆ ತುಂಬಿ ಹೆಬ್ಬಾಳೆ ಸೇತುವೆಯ ಮೇಲೆ ನೀರು ಹತ್ತಿತು. ಕರೆಂಟಿಲ್ಲ, ಕಳಸಕ್ಕೆ ಹೋಗಬೇಕಾದರೆ ಸುತ್ತು ದಾರಿ. ಅಂಥ ಮಳೆಯಲ್ಲಿ ಜಗಲಿಯ ಕಂಬಕ್ಕೊರಗಿ, ಇವರ ಓದುವ ಭೂತಗನ್ನಡಿ ಹಿಡಿದು ಡಬ್ಬಿ ನೋಡುವುದೇ ನನಗೆ ಕೆಲಸವಾಯಿತು. ಎಷ್ಟು ನೋಡಿದೆ! ಇದು ಪೊರೆ ಬಿಡುವುದು ಎರಡು ಕಂತಿನಲ್ಲಿ. ಮೊದಲು ಹಿಂಭಾಗ, ಕೆಲವು ದಿನ ಬಿಟ್ಟು ಮುಂಭಾಗ. ನಡುವಿನ ದಿನಗಳಲ್ಲಿ ಅರ್ಧ ಹಳಬಳು ಅರ್ಧ ಹೊಸಬಳು, ಮದುವೆಯಾದ ಹೊಸತರಲ್ಲಿ ನಾವು ಇದ್ದ ಹಾಗೆ. ಬಿಟ್ಟ ಪೊರೆಯನ್ನು ಚೆಲ್ಲುವುದಿಲ್ಲ, ತಾನೇ ತಿನ್ನುತ್ತದೆ. ಹಗಲು ಒಂದರ ಮೈಗೆ ಒಂದು ಒತ್ತಿಕೊಂಡು ತೊಗಟೆಯ ಕೆಳಗೆ ಗುಂಪಾಗಿ ಕೂರುತ್ತವೆ. ನಾನು ಅದನ್ನು ಪ್ರೀತಿ ಎಂದುಕೊಂಡೆ. 1920ರ ದಶಕದಲ್ಲೇ ಷಿಕಾಗೋದ ಆಲೀ ಎಂಬ ವಿಜ್ಞಾನಿ ಪರೀಕ್ಷೆ ಮಾಡಿ, ಅದು ಮೈಯ ತೇವ ಆರದಂತೆ ಮಾಡುವ ಉಪಾಯ ಎಂದು ತೋರಿಸಿದ್ದನಂತೆ. ಇರಲಿ. ಮಳೆಗಾಲದಲ್ಲಿ ನಾವೆಲ್ಲ ಒಲೆಯ ಮುಂದೆ ಒತ್ತಿಕೊಂಡು ಕೂರುವುದು ಪ್ರೀತಿಗೋ ಬೆಚ್ಚಗಿರಲಿಕ್ಕೋ ಎಂದು ಕೇಳಿದರೆ ಯಾರು ಉತ್ತರ ಹೇಳಿಯಾರು?

ಒಂದು ದಿನ ಒಂದರ ಹೊಟ್ಟೆಯಡಿ ಹಾಲುಬಣ್ಣದ ಚೀಲ ಕಂಡಿತು. ತಾಯಿ ಮೊಟ್ಟೆಗಳನ್ನು ಅಲ್ಲೇ, ನೀರಿನಂಥ ರಸದಲ್ಲಿ ಇಟ್ಟುಕೊಂಡು ತಿರುಗುತ್ತದೆ. ಬಿಟ್ಟು ಬಂದ ಕಡಲಿನ ಒಂದು ಹನಿಯನ್ನು ಹೊಟ್ಟೆಗೆ ಕಟ್ಟಿಕೊಂಡ ಹಾಗೆ. ಮರಿಗಳು ಹೊರಗೆ ಬಂದಾಗ ಸಾಸಿವೆಗಿಂತ ಸಣ್ಣಗೆ, ಬೆಳ್ಳಗೆ. ದೊಡ್ಡವಕ್ಕೆ 14 ಕಾಲಾದರೆ ಇವಕ್ಕೆ 12. ಕೊನೆಯ ಜೋಡಿ ಆಮೇಲೆ ಮೂಡುತ್ತದೆ. ಮಗಳಿಗೆ ಫೋನು ಸಿಕ್ಕ ದಿನ, "ನಿನ್ನ ಮಗನ ಹುಳ ಹೆತ್ತಿತು ಕಣೇ" ಎಂದೆ. "ಇನ್ನು ಇದಕ್ಕೂ ಬಾಣಂತನ ಮಾಡ್ತೀಯೇನೇ?" ಎಂದರು ಇವರು. ದೀಪಾವಳಿಯ ಹೊತ್ತಿಗೆ ಹನ್ನೆರಡು ಹೋಗಿ ನೂರು ದಾಟಿತ್ತು.

ಆಗ ನನ್ನೊಳಗೊಂದು ಹೆಮ್ಮೆ ಇತ್ತು. ದನವನ್ನು ಹಾಲಿಗೆ ಸಾಕುತ್ತೇವೆ, ನಾಯಿಯನ್ನು ಕಾವಲಿಗೆ, ಬೆಕ್ಕನ್ನು ಇಲಿಗೆ. ಗಿಳಿಯಾದರೂ ಮಾತಾಡೀತು. ಈ ಜೀವಿ ಏನೂ ಕೊಡದು. ಹತ್ತಿರ ಬಾರದು, ನನ್ನ ಗುರುತೂ ಅದಕ್ಕಿಲ್ಲ. ಆದ್ದರಿಂದ ಇದು ಏನನ್ನೂ ಬಯಸದ ಸಾಕಣೆ ಎಂದು ಒಳಗೊಳಗೇ ಬೀಗಿದೆ. ಅದು ಎಷ್ಟು ಸುಳ್ಳು ಎಂಬುದು ಆಮೇಲೆ ತಿಳಿಯಿತು. ಹುಳ ನನಗೆ ಭಾನುವಾರದ ಫೋನು ಕೊಡುತ್ತಿತ್ತು. ಮೊದಲೆಲ್ಲ ತಿಂಗಳಿಗೊಮ್ಮೆ, ಅದೂ ಅವನಮ್ಮ ಒತ್ತಾಯ ಮಾಡಿದರೆ, "ಚೆನ್ನಾಗಿದೀಯಾ ಅಜ್ಜಿ, ಚೆನ್ನಾಗಿದೀನಿ" ಎಂದು ಇಡುತ್ತಿದ್ದವನು ಈಗ ಪ್ರತಿ ಭಾನುವಾರ ಹತ್ತು ಗಂಟೆಗೆ ತಪ್ಪದೆ ಮಾಡುತ್ತಿದ್ದ. ಅರ್ಧ ಗಂಟೆ ಮಾತು. ನಾನು ಇಡೀ ವಾರ ಹುಳಗಳನ್ನು ನೋಡುತ್ತಿದ್ದದ್ದು ಆ ಅರ್ಧ ಗಂಟೆಗೆ ಸುದ್ದಿ ಕೂಡಿಸಲಿಕ್ಕೆ.

ನವೆಂಬರಿನ ಒಂದು ಭಾನುವಾರ ಅವನೆಂದ: "ಅಜ್ಜಿ, ಉಂಡೆಯಾಗೋ ಜಾತಿ ಇಲ್ಲಿ ನನ್ನ ಫ್ರೆಂಡ್ಸ್ ಯಾರ ಹತ್ತಿರಾನೂ ಇಲ್ಲ. ನಿನ್ನ ತೋಟದಲ್ಲಿ ರಾಶಿ ಇದೆಯಲ್ಲ? ಒಂದೈವತ್ತು ಇದ್ರೆ ಸಾಕು. ಕ್ರಿಸ್ಮಸ್ ರಜೇಲಿ ಬಂದು ತಗೊಂಡು ಹೋಗ್ತೀನಿ."

ನನ್ನ ಮಂಡಿ ಗುಡ್ಡ ಹತ್ತುವುದಿಲ್ಲ. ನಮ್ಮ ಲೈನ್ ಮನೆಯಲ್ಲಿ ಕೊಪ್ಪಳದ ಕಡೆಯಿಂದ ಬಂದ ಒಂದು ಸಂಸಾರವಿದೆ. ಅವರ ಮಗಳು ಆರನೆಯ ಕ್ಲಾಸು, ಚುರುಕು ಹುಡುಗಿ. ಅವಳನ್ನು ಕರೆದು ಉಂಡೆಹುಳ ತೋರಿಸಿ, "ಇಂಥದ್ದು, ಉಂಡೆಯಾಗುವಂಥದ್ದು ಮಾತ್ರ, ಒಂದಕ್ಕೆ ಎರಡು ರೂಪಾಯಿ" ಎಂದೆ. ಮೊದಲ ದಿನ ಮೂವತ್ತು ತಂದಳು. ಮರುದಿನ ತಮ್ಮನನ್ನೂ ಕರೆದುಕೊಂಡು ಹೋಗಿ ಎಪ್ಪತ್ತು. ಮೂರನೆಯ ದಿನ ಕಾಫಿಪುಡಿಯ ಡಬ್ಬಿಯ ತುಂಬ. ಮೊಮ್ಮಗ ಐವತ್ತು ಸಾಕು ಎಂದಿದ್ದ. ಇನ್ನೂರು ಕೊಟ್ಟರೆ ಅವನ ಮುಖ ಹೇಗಾದೀತು ಎಂದುಕೊಂಡು ನಾನು ಎಲ್ಲವನ್ನೂ ತೆಗೆದುಕೊಂಡೆ. ಬೇರೆ ಡಬ್ಬಿ ಇರಲಿಲ್ಲ, ಕಿತ್ತಳೆಯವುಗಳ ಜೊತೆಗೇ ಸುರಿದೆ. ನಾಲ್ಕನೆಯ ದಿನ ಮಧ್ಯಾಹ್ನ ಅವಳ ತಮ್ಮ ಅಳುತ್ತಾ ಓಡಿಬಂದ. ಕೊಳೆತ ದಿಮ್ಮಿಯೊಳಗೆ ಕೈ ಹಾಕಿದಾಗ ಕರಿಚೇಳು ಕುಟುಕಿತ್ತು.

ಜೀಪಿನಲ್ಲಿ ಕಳಸಕ್ಕೆ ಕರೆದೊಯ್ದು ಇಂಜೆಕ್ಷನ್ ಕೊಡಿಸಿದೆವು. ಕಾಡಿನ ದೊಡ್ಡ ಕರಿಚೇಳಿನ ವಿಷ ಜೀವಕ್ಕೆ ಅಪಾಯವಲ್ಲ, ಆದರೆ ನೋವು ನೋವೇ. ಬಲಗೈ ಮೊಣಕೈ ತನಕ ಬಾತು, ಒಂದು ವಾರ ಪೆನ್ನು ಹಿಡಿಯಲಿಲ್ಲ. ಸಂಜೆ ಅವಳ ತಾಯಿ ಬಂದಳು. ಬೈಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಮೂರು ದಿನದ ದುಡ್ಡನ್ನು ಮಡಿಸಿ ಜಗಲಿಯ ಅಂಚಿನಲ್ಲಿಟ್ಟು, "ಅಮ್ಮಾರ, ಅಕಿಗೆ ಬ್ಯಾರೆ ಕೆಲಸ ಇದ್ರ ಹೇಳ್ರಿ. ರೊಕ್ಕ ಅಂದ್ರ ಹುಡುಗ್ರಿಗೆ ಸಾಕು ಅನ್ನೂದು ತಿಳಿಯೂದಿಲ್ಲ" ಎಂದಳು. ಅಷ್ಟೇ. ಹುಡುಗರಿಗೆ ಎಂದಳು. ದೊಡ್ಡವರಿಗೆ ಎಂಬ ಮಾತನ್ನು ನನ್ನ ಮುಖ ನೋಡಿ ನುಂಗಿಕೊಂಡಳೇನೋ. ದುಡ್ಡು ವಾಪಸು ತೆಗೆದುಕೊಳ್ಳಲು ಎಷ್ಟು ಹೇಳಿದರೂ ಕೇಳಲಿಲ್ಲ.

ಮರುದಿನ ಮಂಡಿಗೆ ಎಣ್ಣೆ ಸವರಿ, ಕೋಲೂರಿ, ಸೊಪ್ಪಿನಬೆಟ್ಟಕ್ಕೆ ಹತ್ತಿದೆ. ನಮ್ಮ ಮಾವನವರ ಕಾಲದಲ್ಲಿ ಬಿದ್ದ ಹೆಬ್ಬಲಸಿನ ಮರವೊಂದು ಅಲ್ಲಿ ಮಲಗಿತ್ತು. ನಾನು ಈ ಮನೆಗೆ ಬಂದಾಗ ಅದು ಗಟ್ಟಿ ದಿಮ್ಮಿ. ಮೂವತ್ತೈದು ವರ್ಷದಲ್ಲಿ ಮೆಲ್ಲಮೆಲ್ಲನೆ ಮೆತ್ತಗಾಗಿ, ಅಣಬೆ ಹೊತ್ತು, ಜರೀಗಿಡ ಹುಟ್ಟಿಸಿ, ಅರ್ಧ ಮಣ್ಣಾಗಿತ್ತು. ಈಗ ಅದನ್ನು ಕೋಲಿನಿಂದ ಮೀಟಿ, ಒದ್ದು, ಉದ್ದಕ್ಕೂ ಸೀಳಿದ್ದರು. ಮನೆಯೊಂದರ ಹೆಂಚು ಕಿತ್ತು ಒಳಗಿನ ಪಾತ್ರೆಪಗಡೆ ಅಂಗಳಕ್ಕೆ ಎಸೆದ ಹಾಗಿತ್ತು. ಬಿಳಿಯ ಗೊಬ್ಬರದ ಹುಳಗಳು ಬಿಸಿಲಿಗೆ ಕಪ್ಪಾಗಿ ಸತ್ತಿದ್ದವು. ಇರುವೆಗಳು ಮೊಟ್ಟೆ ಹೊತ್ತು ಎತ್ತಲೋ ಓಡುತ್ತಿದ್ದವು. ಅಂಥ ದಿಮ್ಮಿ ಒಂದಲ್ಲ, ನಾನು ಎಣಿಸಿದ್ದು ಏಳು. ಆ ಮಕ್ಕಳು ಮಾಡಿದ್ದು ಎನ್ನಲು ನನಗೆ ಬಾಯಿ ಬರಲಿಲ್ಲ. ಎರಡೆರಡು ರೂಪಾಯಿ ಕೊಟ್ಟು ಮಾಡಿಸಿದ್ದು ನಾನು.

ಸೊಪ್ಪಿನಬೆಟ್ಟವಾದರೂ ನಮ್ಮದೇ? ತೋಟಕ್ಕೆ ಸೊಪ್ಪು, ದರಗು ತರುವ ಹಕ್ಕು ನಮ್ಮದು, ನೆಲ ಸರಕಾರದ್ದು. ಅದರಾಚೆಗೆ 1987ರಲ್ಲಿ ಘೋಷಣೆಯಾದ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕಾಡು. ಮಕ್ಕಳು ಇನ್ನಷ್ಟು ಮೇಲೆ ಹತ್ತಿದ್ದರೆ ಅದು ಕಾನೂನಿನ ಕಣ್ಣಿಗೆ ಅಪರಾಧವೇ. 2008ರಲ್ಲಿ ಡಾರ್ಜಿಲಿಂಗಿನ ಸಿಂಗಲೀಲ ಉದ್ಯಾನದ ಬಳಿ ಕೀಟ ಹಿಡಿದರೆಂದು ಜೆಕ್ ದೇಶದ ಇಬ್ಬರನ್ನು ಬಂಧಿಸಿ, ಅಪರಾಧಿಗಳೆಂದು ತೀರ್ಪಾಗಿತ್ತು. ಆಗ ಪತ್ರಿಕೆಯಲ್ಲಿ ಓದಿ, "ಹುಳಕ್ಕಾಗಿ ಅಷ್ಟು ದೂರದಿಂದ ಬರುತ್ತಾರೆಯೇ" ಎಂದು ನಕ್ಕಿದ್ದೆ. ನಮ್ಮ ಮೂಡಿಗೆರೆ ಕಡೆಯ ತೇಜಸ್ವಿಯವರು 1980ರಲ್ಲಿ ಬರೆದ 'ಕರ್ವಾಲೊ' ಕಾದಂಬರಿ ನಿಮ್ಮಲ್ಲಿ ಬಹಳ ಮಂದಿ ಓದಿರುತ್ತೀರಿ. ಹಾರುವ ಓತಿಯನ್ನು ಹುಡುಕಿ ಒಂದು ದಂಡೇ ಹೊರಡುತ್ತದೆ, ಕೊನೆಗೆ ಅದು ಕೈಗೆ ಸಿಗದೆ ಕಣಿವೆಯ ಮೇಲೆ ತೇಲಿಹೋಗುತ್ತದೆ. ಮೊದಲ ಸಲ ಓದಿದಾಗ, ಅಯ್ಯೋ ತಪ್ಪಿಸಿಕೊಂಡಿತಲ್ಲ ಎಂದು ಸಂಕಟಪಟ್ಟಿದ್ದೆ. ಈಗ ಅನ್ನಿಸುತ್ತದೆ, ತಪ್ಪಿಸಿಕೊಂಡದ್ದರಿಂದಲೇ ಅದು ನಮಗೆಲ್ಲ ಉಳಿಯಿತು.

ಒಂದು ಪ್ರಶ್ನೆ ನೀವು ಕೇಳಬಹುದು. ಹುಡುಗಿಗೆ ನೋವಾದದ್ದು ತಪ್ಪು, ಸರಿ. ಹುಳಕ್ಕೇನು? ಅದಕ್ಕೆ ನೋವು ಗೊತ್ತಾಗುತ್ತದೆಯೇ? ಇಂಗ್ಲೆಂಡಿನವರು 2022ರಲ್ಲಿ ಒಂದು ಕಾನೂನು ತಂದರು. ಬೆನ್ನೆಲುಬಿನ ಪ್ರಾಣಿಗಳ ಜೊತೆಗೆ ಆಕ್ಟೋಪಸ್ಸಿನಂಥವನ್ನೂ, ಹತ್ತು ಕಾಲಿನ ಏಡಿ ಸೀಗಡಿಗಳ ಬಳಗವನ್ನೂ ಸುಖದುಃಖ ತಿಳಿಯುವ ಜೀವಿಗಳೆಂದು ಒಪ್ಪಿಕೊಂಡರು. ಈ ಬಡಪಾಯಿ ಏಡಿಯ ನೆಂಟ ಹೌದು, ಆದರೆ ಕಾಲು ಹದಿನಾಲ್ಕು. ಹಾಗಾಗಿ ಪಟ್ಟಿಗೆ ಸೇರಲಿಲ್ಲ. ನಾಲ್ಕು ಕಾಲು ಹೆಚ್ಚಾದದ್ದಕ್ಕೆ ನೋವು ಕಡಿಮೆಯಾಯಿತೇ! ನಮ್ಮ ದೇಶದ 1960ರ ಪ್ರಾಣಿಹಿಂಸೆ ತಡೆಯುವ ಕಾಯಿದೆ ಈ ಲೆಕ್ಕಕ್ಕೆ ಹೋಗಿಲ್ಲ. ಪ್ರಾಣಿ ಎಂದರೆ ಮನುಷ್ಯನನ್ನು ಬಿಟ್ಟು ಉಳಿದ ಯಾವುದೇ ಜೀವಿ ಎಂದುಬಿಟ್ಟಿದೆ. ನನಗೆ ವಿಜ್ಞಾನ ಗೊತ್ತಿಲ್ಲ, ಇಷ್ಟು ಗೊತ್ತು: ಚಿಕ್ಕಂದಿನಲ್ಲಿ ಅದು ಉಂಡೆಯಾದಾಗ ನಾವು ಗೋಲಿಯ ಹಾಗೆ ಉರುಳಿಸಿ ಆಡುತ್ತಿದ್ದೆವು. ಅದು ಉಂಡೆಯಾಗುತ್ತಿದ್ದದ್ದು ಹೆದರಿಕೆಗೆ. ಅದರ ಹೆದರಿಕೆ ನಮಗೆ ಆಟಿಕೆಯಾಗಿತ್ತು. ಈ ವಯಸ್ಸಿನಲ್ಲೂ ನಾನು ಆಡುತ್ತಿದ್ದದ್ದು ಅದೇ ಆಟ. ಆಟಿಕೆಯ ಜಾಗದಲ್ಲಿ ಭಾನುವಾರದ ಫೋನು ಬಂದಿತ್ತು, ಅಷ್ಟೇ ವ್ಯತ್ಯಾಸ.

ಬಂದದ್ದನ್ನು ಬಂದಲ್ಲಿಗೆ ಬಿಡುವುದೆಂದು ನಿಶ್ಚಯಿಸಿದೆ. ಬಿಡುವುದು ಸುಲಭವೆಂದುಕೊಂಡಿದ್ದೆ. ಡಬ್ಬಿಯಲ್ಲಿ ಎರಡೂ ಬೆರೆತಿದ್ದವು. ಕಿತ್ತಳೆಯವು ಈ ಮಣ್ಣಿನವಲ್ಲ. ಬೇರೆ ಸೀಮೆಯ ಜೀವಿಯನ್ನು ಬೆಟ್ಟಕ್ಕೆ ಬಿಟ್ಟರೆ ಏನಾಗುತ್ತದೆ ಎಂಬುದನ್ನು ಲಂಟಾನ ನೋಡಿದ ಮಲೆನಾಡಿಗರಿಗೆ ಹೇಳಿಕೊಡಬೇಕಾಗಿಲ್ಲ. ಅಡಿಕೆ ಹಾಳೆಯ ಮೇಲೆ ಒಂದೊಂದು ಹಿಡಿ ಎಲೆಮಣ್ಣು ಸುರಿದುಕೊಂಡು, ಕನ್ನಡಕ ಹಾಕಿ, ಅಕ್ಕಿ ಆರಿಸುವ ಹಾಗೆ ಆರಿಸಲು ಕೂತೆ. ದೊಡ್ಡವಾದರೆ ಬಣ್ಣವೇ ಹೇಳುತ್ತಿತ್ತು. ಚಿಕ್ಕವಕ್ಕೆ ಬಣ್ಣ ಇನ್ನೂ ಹತ್ತಿರಲಿಲ್ಲ. ಅವನ್ನು ದರ್ಭೆಯ ತುದಿಯಿಂದ ಮುಟ್ಟಬೇಕು. ಓಡಿದರೆ ಬೆಂಗಳೂರಿನದು, ಉಂಡೆಯಾದರೆ ನಮ್ಮ ಬೆಟ್ಟದ್ದು. ಹೆದರಿಸಿ ಹಿಡಿಸಿದ್ದನ್ನು ಬಿಡುಗಡೆ ಮಾಡಲಿಕ್ಕೂ ಮತ್ತೊಮ್ಮೆ ಹೆದರಿಸಬೇಕಾಯಿತು. ತಪ್ಪನ್ನು ತಿದ್ದುವ ಕೆಲಸ ತಪ್ಪಿನಷ್ಟು ಸುಲಭವಲ್ಲ, ತಪ್ಪಿನಷ್ಟು ನುಣುಪಾಗಿಯೂ ಇರುವುದಿಲ್ಲ.

ಮೂರನೆಯ ದಿನ ಯಾರೋ ಪಕ್ಕದಲ್ಲಿ ಕೂತ ಹಾಗಾಯಿತು. ಕೈಗೆ ಬಟ್ಟೆ ಸುತ್ತಿಕೊಂಡ ಹುಡುಗಿ. "ಎಡಗೈಲಿ ಮುಟ್ಟತೀನ್ರಿ ಅಮ್ಮಾರ" ಎಂದಳು. ದುಡ್ಡಿನ ಮಾತು ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಅವಳ ಕಣ್ಣು ನನ್ನದಕ್ಕಿಂತ ಹತ್ತುಪಟ್ಟು ಚುರುಕು. ಆರಿಸಿದ್ದನ್ನು ಅವಳೂ ತಮ್ಮನೂ ಸೇರಿ ಬೆಟ್ಟದ ದಿಮ್ಮಿಗಳ ಬುಡಕ್ಕೆ ಬಿಟ್ಟು, ಸೀಳಿದ್ದನ್ನು ಸೇರಿಸಿ ಮೇಲೆ ದರಗು ಹೊದಿಸಿ ಬಂದರು. ದಿಮ್ಮಿ ಮೊದಲಿನಂತೆ ಆಗಲಿಲ್ಲ. ಆಗುವುದೂ ಇಲ್ಲ.

ಭಾನುವಾರ ಮೊಮ್ಮಗನಿಗೆ ಎಲ್ಲ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ಒಂದೂ ಉಳಿಸಲಿಲ್ವಾ?" ಎಂದ. "ಇಲ್ಲ ಮರಿ" ಎಂದೆ. ಫೋನಿಟ್ಟ. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ಹತ್ತು ಗಂಟೆಗೆ ನಾನು ಸುಮ್ಮಸುಮ್ಮನೆ ಜಗಲಿ ಗುಡಿಸುತ್ತಿದ್ದದ್ದನ್ನು ಇವರು ನೋಡಿಯೂ ನೋಡದ ಹಾಗಿದ್ದರು. ಇಲ್ಲೇ ನನಗೆ ನಿಜವಾದ ಪ್ರಶ್ನೆ ಎದುರಾಯಿತು. ಒಂದು ಮಗುವಿನ ಪ್ರೀತಿಯನ್ನು ಉಳಿಸಿಕೊಳ್ಳಲು ನಾನು ಇನ್ನೊಂದು ಮಗುವಿನ ಕೈಯನ್ನು ದಿಮ್ಮಿಯೊಳಗೆ ಹಾಕಿಸಿದ್ದೆ. ನಮ್ಮವರ ಮೇಲಿನ ಪ್ರೀತಿ ಎಂದರೆ ಸಾಕು, ಎಲ್ಲವೂ ಮಾಫಿ ಎಂದು ನಾವು ಹೆಂಗಸರು ನಂಬಿಕೊಂಡೇ ಬೆಳೆಯುತ್ತೇವೆ. ಮಕ್ಕಳಿಗಾಗಿ ಎಂದರೆ ಯಾರೂ ಎದುರು ಮಾತಾಡುವುದಿಲ್ಲ. ಆದರೆ ಯಾರ ಮಕ್ಕಳಿಗಾಗಿ, ಯಾರ ಮಕ್ಕಳಿಂದ ಎಂದು ಕೇಳಿಕೊಳ್ಳುವ ಅಭ್ಯಾಸ ನನಗಂತೂ ಇರಲಿಲ್ಲ.

ಆ ಶುಕ್ರವಾರ ಹೊರನಾಡಿಗೆ ಹೋದೆ. ಅನ್ನಪೂರ್ಣೇಶ್ವರಿಯ ದರ್ಶನ ಮಾಡಿ ಊಟಕ್ಕೆ ಕೂತೆ. ಮದುವೆಯಾಗಿ ಬಂದಾಗಿನಿಂದ ಎಷ್ಟು ಸಲ ಆ ಪಂಕ್ತಿಯಲ್ಲಿ ಕೂತಿದ್ದೇನೋ ಲೆಕ್ಕವಿಲ್ಲ. ಯಾವ ಊರು, ಯಾವ ಜನ ಎಂದು ಕೇಳದೆ ಬಡಿಸುತ್ತಾ ಹೋಗುತ್ತಾರೆ. ಅವತ್ತು ನನ್ನ ಪಕ್ಕದಲ್ಲಿ ದೂರದ ಊರಿನ ಯಾತ್ರಿಕರ ಒಂದು ಮಗು. ಅನ್ನ ಹಾಕುವವರು ಬಂದಾಗ ಅದು ಎರಡೂ ಪುಟ್ಟ ಕೈ ಎಲೆಯ ಮೇಲೆ ಅಡ್ಡ ಹಿಡಿದು "ಸಾಕು, ಸಾಕು" ಎಂದಿತು. ಬಡಿಸುವವರು ನಕ್ಕು ಮುಂದೆ ಹೋದರು. ಮಗು ಉಂಡು, ಕೈತೊಳೆದು, ತಾಯಿಯ ಸೆರಗು ಹಿಡಿದು ಹೊರಟುಹೋಯಿತು.

ಎರಡೂ ಒಂದೇ ಮಾತು, ಗಮನಿಸಿದ್ದೀರಾ? ಸಾಕು ಎಂದರೆ ಪೋಷಿಸು. ಸಾಕು ಎಂದರೆ ಇನ್ನು ಬೇಡ. ಇಷ್ಟು ವರ್ಷ ಬಾಯಲ್ಲಿದ್ದರೂ ನಾನು ಎರಡನ್ನೂ ಒಟ್ಟಿಗೆ ಇಟ್ಟು ನೋಡಿರಲಿಲ್ಲ. ಎರಡರ ಬೇರು ಒಂದೇ ಹೌದೋ ಅಲ್ಲವೋ, ಅದನ್ನು ಪಂಡಿತರು ಹೇಳಲಿ. ನನಗೆ ಕಂಡದ್ದು ಇಷ್ಟು. ಹೊರನಾಡಿನ ಅಮ್ಮ ಬಂದವರಿಗೆಲ್ಲ ಉಣ್ಣಿಸುತ್ತಾಳೆ, ಆದರೆ ಯಾರನ್ನೂ ಇಟ್ಟುಕೊಳ್ಳುವುದಿಲ್ಲ. ಉಂಡವರು ಎದ್ದು ತಮ್ಮ ದಾರಿ ಹಿಡಿಯುತ್ತಾರೆ. ನಾವು ಮನುಷ್ಯರು ಇಟ್ಟುಕೊಂಡೇ ಉಣ್ಣಿಸುವವರು. ದನವಾಗಲಿ ನಾಯಿಯಾಗಲಿ ಡಬ್ಬಿಯ ಹುಳವಾಗಲಿ, ಬಾಗಿಲು ನಮ್ಮ ಕೈಯಲ್ಲಿ. ಪಂಕ್ತಿಯಲ್ಲಿ ಸಾಕೆನ್ನುವ ಕೈ ಉಣ್ಣುವವರದು. ಡಬ್ಬಿಯೊಳಗಿನ ಜೀವಕ್ಕೆ ಆ ಕೈ ಇಲ್ಲ. ಆದ್ದರಿಂದ ಸಾಕುವವರೇ ಅದರ ಪರವಾಗಿ ಸಾಕು ಎನ್ನಬೇಕು. ಇಷ್ಟು ಮರಿ ಸಾಕು, ಇಷ್ಟು ಬಣ್ಣ ಸಾಕು, ಇದರಿಂದ ನನಗೆ ಸಿಕ್ಕ ಸಂತೋಷ ಇಷ್ಟು ಸಾಕು. ಹಾಗೆ ಹೇಳಲು ಬಾರದವರು ಎಷ್ಟು ಪ್ರೀತಿಯಿಂದ ನೋಡಿಕೊಂಡರೂ ಅದು ಸಾಕುವುದಲ್ಲ, ಕೂಡಿಡುವುದು.

ಹುಳ ಸಾಕುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಆ ಹುಡುಗ ತರದಿದ್ದರೆ, ಕಾಲಡಿಯ ಎಲೆಯನ್ನು ಮಣ್ಣು ಮಾಡಿ ನಮ್ಮ ಅಡಿಕೆಗೂ ಕಾಫಿಗೂ ಉಣ್ಣಿಸುತ್ತಿರುವ ಬಳಗ ಇದೊಂದು ಇದೆ ಎಂದೇ ನನಗೆ ತಿಳಿಯುತ್ತಿರಲಿಲ್ಲ. ಈಗ ಅಂಗಳ ಗುಡಿಸುವಾಗ ಮೂಲೆಯ ತರಗೆಲೆ ಬಿಟ್ಟು ಗುಡಿಸುತ್ತೇನೆ. ಕಲ್ಲು ಎತ್ತಿದರೆ ನೋಡಿ, ಎತ್ತಿದ ಹಾಗೆಯೇ ಮೆಲ್ಲಗೆ ಇಡುತ್ತೇನೆ. ಒಂದು ಡಬ್ಬಿ ನೋಡಿ ಕಲಿತದ್ದು ಇದು. ಆದರೆ ಕಲಿಯಲಿಕ್ಕೆ ಒಂದು ಡಬ್ಬಿ ಸಾಕಾಗಿತ್ತು.

ಮೂರನೆಯ ಭಾನುವಾರ ಹತ್ತು ಗಂಟೆಗೆ ಫೋನು ಬಂತು. ಹುಳದ ಸುದ್ದಿ ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. "ಮಂಡಿ ನೋವು ಹೇಗಿದೆ ಅಜ್ಜಿ? ಗುಡ್ಡ ಹತ್ತಿದ್ಯಂತೆ, ತಾತ ಹೇಳಿದ್ರು" ಎಂದ. ಇಡುವ ಮುಂಚೆ, "ಆ ಹುಡುಗಿ ಬರೀತಾಳಾ ಈಗ?" ಎಂದು ಕೇಳಿದ. "ಬರೀತಾಳೆ" ಎಂದೆ.

ಕಿತ್ತಳೆಯವು ಇನ್ನೂ ಜಗಲಿಯಲ್ಲಿವೆ. ಅವನ್ನು ಬಿಡುವ ಹಾಗಿಲ್ಲ, ಬೆಳೆಸುವ ಆಸೆಯಿಲ್ಲ. ಮೊದಲಿನ ಹಾಗೆ ಸೌತೆಕಾಯಿ, ಗಜ್ಜರಿಯ ಉಪಚಾರ ಬಿಟ್ಟು ಎಲೆಯಷ್ಟೇ ಹಾಕುತ್ತೇನೆ. ಎರಡನೆಯ ಡಬ್ಬಿ ತರುವುದಿಲ್ಲ ಎಂದು ತೀರ್ಮಾನಿಸಿದ್ದೇನೆ. ಆಗೊಮ್ಮೆ ಈಗೊಮ್ಮೆ ಎಲೆ ಸರಿಸಿದಾಗ ಒಂದೊಂದು ಮರಿ ಮುಟ್ಟಿದೊಡನೆ ಉಂಡೆಯಾಗುತ್ತದೆ. ಅವತ್ತು ಕಣ್ಣಿಗೆ ಬೀಳದಷ್ಟು ಚಿಕ್ಕದಿದ್ದದ್ದು. ಅದನ್ನು ಎಲೆಯೊಂದರ ಮೇಲೆ ಇಟ್ಟು ಹುಡುಗಿಯನ್ನು ಕೂಗುತ್ತೇನೆ. ಅವಳು ಶಾಲೆಗೆ ಹೋಗುವ ದಾರಿಯಲ್ಲಿ ಬೆಟ್ಟದ ಬುಡಕ್ಕೆ ಬಿಟ್ಟು ಹೋಗುತ್ತಾಳೆ.

ಮುಂದಿನ ಗಣತಿಗೆ ಯಾರಾದರೂ ಏರು ಹತ್ತಿ ಬಂದು, ಬೇರೆ ಏನಾದರೂ ಸಾಕಿದ್ದೀರಾ ಎಂದು ಕೇಳಿದರೆ ಈ ಸಲ ನಿಜ ಹೇಳುವೆ. ಒಂದು ಡಬ್ಬಿ ಇದೆಯಪ್ಪ. ಒಂದೇ.